ಬಸ್ಸಿನಲ್ಲಿ ಪುಸ್ತಕ ಮುಚ್ಚಿಟ್ಟು ಓದುವುದು ಹೇಗೆ?

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಪುಸ್ತಕ ಬಿಡಿಸಿ ಕುಳಿತ, ಡಿಗ್ರಿಗೆ ಸೇರಿದ ಹೊಸ ಮುಖಗಳನ್ನು ಪ್ರತಿ ಮಳೆಗಾಲವೂ ನೋಡುತ್ತೇನೆ. ನಾಲ್ಕು ತಿರುವು ದಾಟುವಷ್ಟರಲ್ಲಿ ತಲೆ ಸುತ್ತಿ ಪುಸ್ತಕ ಚೀಲ ಸೇರುತ್ತದೆ. ಹೋಗಿ ಬರುವ ಮೂರು ಗಂಟೆ ಬಸ್ಸಿಗೇ ಆಯಿತು, ಇನ್ನು ಓದುವುದು ಯಾವಾಗ ಎಂಬ ಗೊಣಗಾಟ ಶುರುವಾಗುತ್ತದೆ. ಡಿಗ್ರಿ ಮಕ್ಕಳಿಗೆ ಪಾಠ ಹೇಳುವವನಾಗಿ ನನ್ನ ಅಭಿಪ್ರಾಯ ಬೇರೆ. ಪುಸ್ತಕ ಚೀಲ ಸೇರಿದ ಮೇಲೇ ಓದು ಆರಂಭವಾಗಬೇಕು.

ಪಿಯುಸಿವರೆಗೆ ನಮ್ಮ ಮಕ್ಕಳಿಗೆ ಓದು ಎಂದರೆ ಮತ್ತೆ ಮತ್ತೆ ಓದುವುದು. ಐದನೆಯ ಸಲ ಓದುವಾಗ ಸಾಲುಗಳೆಲ್ಲ ಪರಿಚಿತವೆನಿಸುತ್ತವೆ; ಆ ಪರಿಚಯವನ್ನೇ ತಿಳಿವಳಿಕೆ ಎಂದುಕೊಂಡು ಪರೀಕ್ಷೆಗೆ ಹೋಗುತ್ತೇವೆ. ನಾನೂ ಹಾಗೆ ಹೋಗಿ ಮೊದಲ ವರ್ಷ ಒಂದು ವಿಷಯದಲ್ಲಿ ಡುಮ್ಕಿ ಹೊಡೆದವನೇ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಓದಿದ ಮೇಲೆ ಹಾಳೆ ಬದಿಗಿಟ್ಟು ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಪರೀಕ್ಷೆ ಬರುವುದು ಐದು ನಿಮಿಷಕ್ಕಲ್ಲವಲ್ಲ.

ಮೊದಲ ವಾರ

ಐಡಿ ಕಾರ್ಡು, ಬಸ್ ಪಾಸು, ವಿದ್ಯಾರ್ಥಿವೇತನದ ಅರ್ಜಿ ಎಂದು ಓಡಾಟ ಇದ್ದದ್ದೇ. ಅದರ ನಡುವೆ ಎರಡು ಕಾಗದ ಸಂಪಾದಿಸಿಕೊಳ್ಳಿ: ಪ್ರತಿ ವಿಷಯದ ಪಠ್ಯಕ್ರಮ ಮತ್ತು ಹಳೆಯ ಪ್ರಶ್ನೆಪತ್ರಿಕೆ. ಎರಡನೆಯದು ಗ್ರಂಥಾಲಯದಲ್ಲಿ ಸಿಗುತ್ತದೆ, ಇಲ್ಲವೇ ಸೀನಿಯರ್‌ಗಳ ಬಳಿ. ಹಾಜರಾತಿ ಶೇ 75ರ ಲೆಕ್ಕವನ್ನು ಈಗಲೇ ಕೇಳಿ ತಿಳಿಯಿರಿ. ರಸ್ತೆಗೆ ಮರ ಬಿದ್ದು ಬಸ್ಸು ನಿಂತ ದಿನಗಳು ಆ ಶೇ 25ರೊಳಗೇ ಮುಗಿಯಬೇಕು.

ತರಗತಿಯಲ್ಲಿ

ನೋಟ್‌ಬುಕ್‌ನ ಪುಟದ ಎಡಗಡೆ ನಾಲ್ಕು ಬೆರಳು ಅಗಲ ಖಾಲಿ ಬಿಡಿ. ಪಾಠದ ಟಿಪ್ಪಣಿ ಬಲಗಡೆ. ಸಂಜೆ ಮನೆಗೆ ಬಂದು, ಕಾಫಿ ಕುಡಿದಾದ ಮೇಲೆ, ಆ ಟಿಪ್ಪಣಿ ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನು ಎಡಗಡೆ ಬರೆಯಿರಿ. ಹತ್ತು ನಿಮಿಷದ ಕೆಲಸ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ 1950ರ ದಶಕದಲ್ಲಿ ರೂಪಿಸಿದ ಕ್ರಮವಿದು. ಲೆಕ್ಚರರ್ ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಬರೆದುಕೊಳ್ಳುವವರಿಗೆ ಪ್ರಶ್ನೆ ಹುಟ್ಟುವುದಿಲ್ಲ, ಕೈ ಮಾತ್ರ ನೋಯುತ್ತದೆ.

ಬಸ್ಸಿನಲ್ಲಿ

ಹಿಂದಿನ ದಿನದ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಉತ್ತರ ಬರೆದುಕೊಳ್ಳಬೇಡಿ. ಬಸ್ಸು ಮಂಡಗದ್ದೆ ಮುಟ್ಟುವಷ್ಟರಲ್ಲಿ ಮೊದಲನೆಯದಕ್ಕೆ ಮನಸ್ಸಿನಲ್ಲೇ ಉತ್ತರ ಕಟ್ಟಿ, ಸಕ್ರೆಬೈಲಿಗೆ ಎರಡನೆಯದು, ಗಾಜನೂರು ದಾಟಿ ಊರು ಕಾಣುವಷ್ಟರಲ್ಲಿ ಮೂರನೆಯದು. ಸಾಗರದ ಕಡೆಯಿಂದ ಬರುವವರಿಗೆ ಆನಂದಪುರ, ಕುಂಸಿ, ಆಯನೂರು ಇವೆ. ಎಲ್ಲೋ ತಡವರಿಸುತ್ತೀರಿ. ಆಗ ಪುಸ್ತಕ ತೆಗೆಯುವ ಆಸೆಯಾಗುತ್ತದೆ, ತೆಗೆಯಬೇಡಿ. ಆ ಒದ್ದಾಟದಲ್ಲೇ ನೆನಪು ಬಲಿಯುವುದು. ಕಾಲೇಜು ತಲುಪಿ ನೋಡಿ ತಿದ್ದಿಕೊಳ್ಳಿ. ತಪ್ಪಾಗಿದ್ದರೆ ಅದೇ ಪ್ರಶ್ನೆ ನಾಳೆಯ ಚೀಟಿಯಲ್ಲೂ ಇರಲಿ. ಶಿವಮೊಗ್ಗದೊಳಗೇ ಮನೆ ಇರುವವರಿಗೆ ಈ ಭಾಗ್ಯವಿಲ್ಲ, ಅವರು ಕಾಲೇಜಿಗೆ ನಡೆದು ಹೋಗಲಿ.

ಒಮ್ಮೆ ಸರಿಯಾದ ಉತ್ತರವನ್ನೂ ಅಲ್ಲಿಗೇ ಬಿಡುವಂತಿಲ್ಲ. ಕಲಿತದ್ದು ಮೊದಲ ಕೆಲವು ದಿನಗಳಲ್ಲೇ ವೇಗವಾಗಿ ಜಾರಿಹೋಗುತ್ತದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ. ಮೂರು ದಿನ ಕಳೆದು ಒಮ್ಮೆ, ವಾರ ಕಳೆದು ಒಮ್ಮೆ, ಮೂರು ವಾರ ಕಳೆದು ಒಮ್ಮೆ ಹಳೆಯ ಚೀಟಿ ಮತ್ತೆ ಜೇಬಿಗೆ ಬರಲಿ. ಚೀಟಿಯ ಮೂಲೆಯಲ್ಲಿ ಆ ತಾರೀಖುಗಳನ್ನು ಮೊದಲೇ ಬರೆದಿಡಿ.

ಇಂಗ್ಲಿಷ್ ಎಂಬ ಗೋಡೆ

ಕನ್ನಡ ಮಾಧ್ಯಮದಿಂದ ಬಂದವರು ಮೊದಲ ತಿಂಗಳು ಮಾತಿಲ್ಲದೆ ಕುಳಿತಿರುತ್ತಾರೆ. ಪಾಠ ಅರ್ಥವಾಗದಿರುವುದು ಬೇರೆ, ಪಾಠದ ಭಾಷೆ ಅರ್ಥವಾಗದಿರುವುದು ಬೇರೆ. ಎರಡನ್ನೂ ಒಂದೇ ಮೂಟೆ ಕಟ್ಟಿ ‘ನನ್ನಿಂದಾಗದು’ ಎಂದುಕೊಳ್ಳುವುದೇ ಅನಾಹುತ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂಬುದು ಅಡಿಕೆ ಮಂಡಿ ಕಂಡ ಮನೆಯ ಹುಡುಗಿಗೆ ಹೊಸದಲ್ಲ. ಮೊದಲು ವಿಷಯವನ್ನು ಕನ್ನಡದಲ್ಲೇ ಯೋಚಿಸಿ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಪಾರಿಭಾಷಿಕ ಪದಗಳನ್ನು ದಿನಕ್ಕೆ ಐದರಂತೆ ಕಲಿತು, ಅದೇ ವಿಷಯವನ್ನು ಇಂಗ್ಲಿಷಿನ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆಯಿರಿ. ಗೈಡಿನ ಉದ್ದ ವಾಕ್ಯ ಉರು ಹೊಡೆದವನಿಗೆ ನಡುವೆ ಒಂದು ಪದ ಮರೆತರೆ ಇಡೀ ಪುಟವೇ ಹೋಗುತ್ತದೆ. ನಿಮ್ಮ ವಿಷಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂಬುದನ್ನೂ ಸಂಕೋಚವಿಲ್ಲದೆ ವಿಚಾರಿಸಿ.

ಮೊಬೈಲು

ಓದುವ ಕೋಣೆಯಲ್ಲಿ ಬೇಡ. ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟುಕೊಂಡರೆ ಸಾಲದು. ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರಿನವರು ಬೇಕಾದ ಪಿಡಿಎಫ್‌ಗಳನ್ನು ಕಾಲೇಜಿನಲ್ಲೇ ಇಳಿಸಿಕೊಂಡಿರಿ.

ಅಡಿಕೆ ಕೊಯ್ಲಿನ ದಿನಗಳಲ್ಲಿ

ಸೆಮಿಸ್ಟರ್ ಪರೀಕ್ಷೆ ಹತ್ತಿರವಾಗುವ ಹೊತ್ತಿಗೇ ಮನೆಯಲ್ಲಿ ಅಡಿಕೆ ಕೊಯ್ಲು ನಡೆಯುತ್ತಿರುತ್ತದೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಸಿಕ್ಕಿದ ದಿನ ಮನೆಯವರೆಲ್ಲರ ಕೈ ಬೇಕು. ಓದಬೇಕು ಎಂದು ಕೋಣೆ ಸೇರಿದರೆ ಮಾತು ಕೇಳಬೇಕಾಗುತ್ತದೆ, ಅದು ನ್ಯಾಯವೂ ಹೌದು. ರಾತ್ರಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕುಳಿತಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಪಕ್ಕದಲ್ಲಿ ಕುಳಿತ ಅಜ್ಜಿಗೋ ಚಿಕ್ಕಮ್ಮನಿಗೋ ಇಂದಿನ ಪಾಠವನ್ನು ಕಥೆಯಂತೆ ಹೇಳಿ. ‘ಹಾಗಂದರೇನೋ?’ ಎಂದು ಅಜ್ಜಿ ಕೇಳಿದ ಕಡೆ ನೀವು ನಿಂತರೆ, ಆ ಭಾಗ ನಿಮಗೇ ಬರುವುದಿಲ್ಲ ಎಂದರ್ಥ. ಮರುದಿನದ ಚೀಟಿಗೆ ಪ್ರಶ್ನೆ ಸಿಕ್ಕಿತು. ಅಲ್ಲೂ ತಿಳಿಯದಿದ್ದರೆ ಲೆಕ್ಚರರ್ ಬಳಿ ಹೋಗಿ, ‘ಪಾಠ ಅರ್ಥವಾಗಲಿಲ್ಲ’ ಎನ್ನದೆ, ‘ಇಲ್ಲಿಯವರೆಗೆ ತಿಳಿಯಿತು, ಇಲ್ಲಿಂದ ಮುಂದೆ ತಿಳಿಯಲಿಲ್ಲ ಸರ್’ ಎಂದು ಕೇಳಿ. ಹಾಗೆ ಕೇಳಿದವರನ್ನು ನಾವು ವರ್ಷಪೂರ್ತಿ ನೆನಪಿಟ್ಟುಕೊಳ್ಳುತ್ತೇವೆ.

ಸಂಜೆಯ ಬಸ್ಸು

ಬೆಳಗಿನ ನಿಯಮ ಇದಕ್ಕಿಲ್ಲ. ಸೀಟು ಸಿಕ್ಕಿದರೆ ನಿದ್ದೆ ಮಾಡಿ. ಕಲಿತದ್ದು ನೆನಪಾಗಿ ಗಟ್ಟಿಯಾಗಲು ನಿದ್ದೆ ಬೇಕೇ ಬೇಕು, ಪರೀಕ್ಷೆಯ ಹಿಂದಿನ ರಾತ್ರಿಯೂ ಅಷ್ಟೇ. ಇಳಿಯುವ ಊರನ್ನು ಮಾತ್ರ ಕಂಡಕ್ಟರಿಗೆ ಮೊದಲೇ ಹೇಳಿಡಿ.