ಡ್ರಾ ಕೈ ಬಂದಾಗ ಕಾಲ್ ಮಾಡಲೋ, ರೇಸ್ ಮಾಡಲೋ

ನಮ್ಮದು ಗೆಳೆಯರ ಮನೆಯಲ್ಲಿ ನಡೆಯುವ ಹೋಲ್ಡೆಮ್ ಪೋಕರ್, ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು. ಚಿಪ್ಸ್ ಮಾತ್ರ, ದುಡ್ಡಿಲ್ಲ. ಆದರೂ ಡ್ರಾ ಕೈ ಬಂತೆಂದರೆ, ಅಂದರೆ ಇನ್ನೊಂದು ಎಲೆ ಬಿದ್ದರೆ ಫ್ಲಶ್ಶೋ (ಒಂದೇ ಗುರುತಿನ ಐದು ಎಲೆ) ಸ್ಟ್ರೇಟೋ (ಸಾಲಾಗಿ ಬರುವ ಐದು ಎಲೆ) ಆಗುವಂಥದ್ದು, ನಾನು ಲೆಕ್ಕ ಹಾಕದೆ ಚಿಪ್ಸ್ ಮುಟ್ಟುವುದಿಲ್ಲ.

ಒಂದು ಕೈ ಹೇಳ್ತೀನಿ. ನನ್ನ ಹತ್ತಿರ ಹಾರ್ಟ್ಸ್ ಎಕ್ಕ, ಹಾರ್ಟ್ಸ್ ಐದು. ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲು ತೆರೆಯುವ ಮೂರು ಎಲೆ) ಹಾರ್ಟ್ಸ್ ರಾಜ, ಹಾರ್ಟ್ಸ್ ಎಂಟು, ಕ್ಲಬ್ಸ್ ಮೂರು. ಪಾಟ್ (ನಡುವೆ ಕೂಡಿದ ಚಿಪ್ಸ್) 300, ಎದುರಿನವನು 200 ಹಾಕಿದ. ನಾನೂ ಅಷ್ಟೇ, 200 ಹಾಕಿ ಕಾಲ್ ಮಾಡಿದರೆ ಪಾಟ್ 700 ಆಗುತ್ತದೆ, ಹಾಗಾಗಿ ಕಾಲ್ ಗಿಟ್ಟಬೇಕಾದರೆ ಸುಮಾರು ಶೇ. 29 ಸಲ ಗೆಲ್ಲಬೇಕು. ಫ್ಲಶ್‌ಗೆ ಬೇಕಾದ ಎಲೆ 9 ಇವೆ. ಟರ್ನ್‌ನಲ್ಲೇ (ಮುಂದಿನ, ನಾಲ್ಕನೇ ಎಲೆ) ಬೀಳುವ ಸಾಧ್ಯತೆ ಶೇ. 19, ರಿವರ್ (ಐದನೇ, ಕೊನೆಯ ಎಲೆ) ಕೂಡ ನೋಡಿದರೆ ಶೇ. 35. ಬಹಳ ಜನ ಈ 35ನ್ನೇ ಹಿಡಿದುಕೊಂಡು ಕಾಲ್ ಮಾಡಿಬಿಡುತ್ತಾರೆ, ಆದರೆ ಟರ್ನ್‌ನಲ್ಲಿ ಅವನು ಮತ್ತೆ ಹಾಕಿದರೆ ನಾವೂ ಮತ್ತೆ ಕೊಡಬೇಕಲ್ವಾ? ಆ 200ಕ್ಕೇ ಅವನು ಆಲ್ ಇನ್ ಆಗಿದ್ದರೆ, ಅಂದರೆ ಇದ್ದ ಚಿಪ್ಸ್ ಎಲ್ಲ ಹಾಕಿಬಿಟ್ಟಿದ್ದರೆ, 35 ಪೂರ್ತಿ ನಮ್ಮದು, ಆಗ ಯೋಚಿಸದೆ ಕಾಲ್. ಇಲ್ಲದಿದ್ದರೆ ಅವನ ಮುಂದೆ ಎಷ್ಟು ಚಿಪ್ಸ್ ಉಳಿದಿದೆ ಅಂತ ನೋಡುತ್ತೇನೆ. ಫ್ಲಶ್ ಬಿದ್ದ ಮೇಲೆ ಸರಾಸರಿ ಇನ್ನೊಂದು 350 ಆದರೂ ಅವನಿಂದ ಬರುವಂತಿದ್ದರೆ ಲೆಕ್ಕ ಸರಿಹೋಗುತ್ತದೆ.

ರೇಸ್ ಮಾಡುವ, ಅಂದರೆ ಅವನಿಗಿಂತ ಜಾಸ್ತಿ ಹಾಕುವ ಮುಂಚೆ ನಾನು ಕೇಳಿಕೊಳ್ಳುವುದು ಒಂದೇ: ಇವನು ಫೋಲ್ಡ್ ಮಾಡ್ತಾನಾ, ಅಂದರೆ ಎಲೆ ಬಿಟ್ಟು ಹೊರಗೆ ಹೋಗ್ತಾನಾ? 600ಕ್ಕೆ ರೇಸ್ ಮಾಡಿದರೆ 500 ಗೆಲ್ಲಲು 600 ಒಡ್ಡಿದ ಹಾಗೆ. ಕೈಯಲ್ಲಿ ಏನೂ ಇಲ್ಲದಿದ್ದರೆ ಅವನು ಶೇ. 55 ಸಲ ಬಿಡಬೇಕು. ಡ್ರಾ ಇದ್ದರೆ ಅಷ್ಟು ಬೇಡ, ಅವನು ಬಿಡದಿದ್ದರೂ ನಮಗೆ ಎಲೆ ಬೀಳಬಹುದು. ಪೋಕರ್ ಪುಸ್ತಕಗಳನ್ನು ಬರೆದ ಡೇವಿಡ್ ಸ್ಕ್ಲಾನ್ಸ್ಕಿ ಇದಕ್ಕೇ ಸೆಮಿ ಬ್ಲಫ್ ಅಂತ ಹೆಸರಿಟ್ಟಿದ್ದು. ನಮ್ಮಲ್ಲೊಬ್ಬನಿಗೆ ಒಂದು ಜೋಡಿ ಸಿಕ್ಕರೆ ಸಾಕು, ರಿವರ್ ತನಕ ಬಿಡುವುದೇ ಇಲ್ಲ. ಅವನ ಎದುರು ರೇಸ್ ಸುಮ್ನೆ ದಂಡ. ಕಾಲ್ ಮಾಡಿ, ಫ್ಲಶ್ ಬಿದ್ದ ಮೇಲೆ ದೊಡ್ಡದಾಗಿ ಹಾಕುತ್ತೇನೆ, ಆಗಲೂ ಕೊಡುತ್ತಾನೆ. ಇನ್ನೊಬ್ಬ ಪ್ರತಿ ಫ್ಲಾಪ್‌ಗೂ ಹಾಕುತ್ತಾನೆ, ತಿರುಗಿ ರೇಸ್ ಮಾಡಿದರೆ ಎಲೆ ಎಸೆಯುತ್ತಾನೆ. ನನ್ನ ರೇಸ್ ಎಲ್ಲ ಅವನಿಗೇ.

ಎಕ್ಕದ ಫ್ಲಶ್ ಡ್ರಾ ಇದ್ದರೆ ನನಗೆ ಕಾಲ್ ಜಾಸ್ತಿ ಇಷ್ಟ. ಚಿಕ್ಕ ಹಾರ್ಟ್ಸ್ ಇಟ್ಟುಕೊಂಡವರು ಆಟದಲ್ಲೇ ಇರಲಿ, ಇಬ್ಬರಿಗೂ ಫ್ಲಶ್ ಆದರೆ ಗೆಲುವು ನನ್ನದು. ಅದೇ ಹಾರ್ಟ್ಸ್ ಆರು, ಏಳು ಇದ್ದರೆ ಎಲೆ ಬಿದ್ದ ಮೇಲೂ ದೊಡ್ಡ ಫ್ಲಶ್ ಭಯ ಇದ್ದೇ ಇರುತ್ತದೆ, ಎಲ್ಲರೂ ಈಗಲೇ ಬಿಟ್ಟರೆ ಒಳ್ಳೆಯದು, ಅದಕ್ಕೇ ರೇಸ್. ಫ್ಲಶ್ ಡ್ರಾ ಜೊತೆ ಎರಡೂ ತುದಿ ತೆರೆದಿರುವ ಸ್ಟ್ರೇಟ್ ಡ್ರಾನೂ ಸೇರಿದರೆ 15 ಎಲೆ ನಮ್ಮ ಪರ. ಫ್ಲಾಪ್‌ನಲ್ಲಿ ಅದು ಶೇ. 54, ಎದುರಿನವನದು ಬರೀ ಒಂದು ಜೋಡಿಯಾದರೆ ನಾವೇ ಮುಂದೆ. ಆಗ ಆಲ್ ಇನ್‌ಗೂ ಹಿಂದೆ ಮುಂದೆ ನೋಡುವುದಿಲ್ಲ.

ಟರ್ನ್ ಬಂದ ಮೇಲೆ ಉಳಿಯುವುದು ಒಂದೇ ಎಲೆ, 46ರಲ್ಲಿ 9 ಮಾತ್ರ ನಮ್ಮದು. ಅವನು ಪಾಟ್‌ನಷ್ಟೇ ಹಾಕಿ, ಮುಂದೆ ಚಿಪ್ಸ್ ಏನೂ ಉಳಿಸಿಕೊಂಡಿಲ್ಲ ಅಂದರೆ, ಎಕ್ಕದ ಡ್ರಾ ಇದ್ದರೂ ಫೋಲ್ಡ್ ಮಾಡುತ್ತೇನೆ.