ಕಟಕ ರೊಟ್ಟಿ ಬಡಿದಿಟ್ಟರೆ ಬೆಳಗು ಬರವಣಿಗೆಗೆ

ಕಥೆ, ಕವಿತೆ ಬರೆಯುವ ನಮ್ಮ ರಾಯಚೂರು, ಕೊಪ್ಪಳ ಕಡೆಯ ಹೆಣ್ಣುಮಕ್ಕಳಿಗೆ ಬೆಳಗಿನ ಹೊತ್ತೆಲ್ಲ ರೊಟ್ಟಿಗೇ ಹೋಗುತ್ತದೆ. ಅದಾದ ಮೇಲೆ ಡಬ್ಬಿ ಕಟ್ಟಿ ಸಾಲಿಗೋ ಆಫೀಸಿಗೋ ಓಡಬೇಕು. ಹಾಗಾದರೆ ತಂಗಿಯರೆ, ಹಸಿ ಆರಿಸಿ ಕೆಲವು ದಿನ ಇಡಬಹುದಾದ ಗರಿಗರಿ ಕಟಕ ರೊಟ್ಟಿ ಒಮ್ಮೆಲೇ ಮಾಡಿಟ್ಟು, ಮೊದಲು ರೊಟ್ಟಿಯ ಹೊತ್ತನ್ನೇ ಬಿಡಿಸಿಕೊಳ್ಳಿ.

ರವಿವಾರ 2 ಕಿಲೋ ಜೋಳದ ಹಿಟ್ಟು ಹಿಡಿದರೆ 40ರ ಆಸುಪಾಸು ತೆಳುವಾದ ರೊಟ್ಟಿ ಆಗುತ್ತವೆ. ನಾಲ್ಕು ಮಂದಿಗೆ ತಲಾ 2ರಂತೆ ಐದು ಹೊತ್ತಿಗೆ ಸಾಕು. ಹಿಟ್ಟು ಹೊಸದಾಗಿ ಬೀಸಿಸಿದ್ದೇ ಇರಲಿ. ಹಳತಾದರೆ ಜಿಗಿ ಹೋಗಿ ಬಡಿಯುವಾಗ ಅಂಚು ಸೀಳುತ್ತದೆ. ಕುದಿಯುವ ಎಸರು ಹಾಕಿಯೇ ನಾದಬೇಕು, ತಣ್ಣೀರಿಗೆ ಜೋಳ ಹಿಡಿದುಕೊಳ್ಳುವುದಿಲ್ಲ. ಎರಡೂ ಮಗ್ಗುಲು ಬೆಂದ ಮೇಲೆ ಉರಿ ಸಣ್ಣ ಮಾಡಿ, ಅರಿವೆಯಿಂದ ಒತ್ತುತ್ತ ಹಸಿ ಪೂರಾ ಆರಿಸಿ. ಬಿಸಿ ಇರುವಾಗಲೇ ಒಂದರ ಮೇಲೊಂದು ಹೇರಿದರೆ ಬೆವರಿ ಮೆತ್ತಗಾಗಿ ಬೂಸಲು ಬರುತ್ತದೆ. ನೀವು ಬಡಿಯಿರಿ, ಬೇಯಿಸುವ ಕೆಲಸ ಮನೆಯ ಗಂಡಸರಿಗೆ ಕೊಡಿ. ಎರಡು ತಾಸಿನಲ್ಲಿ ಮುಗಿಯುತ್ತದೆ. ಜೊತೆಗೆ ಕಾಲು ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಹಿಂಡಿ (ಚಟ್ನಿಪುಡಿ) ಕುಟ್ಟಿಟ್ಟರೆ ಪಲ್ಯಕ್ಕೆ ತಡವಾದರೂ ಚಿಂತೆಯಿಲ್ಲ.

ಹೀಗೆ ಉಳಿದ ಬೆಳಗಿನ 40 ನಿಮಿಷವನ್ನು ಹೊಸದು ಬರೆಯುವುದಕ್ಕಷ್ಟೇ ಇಡಿ. ತಿದ್ದುವುದು ಬೇರೆ ಹೊತ್ತಿನ ಕೆಲಸ. ಎರಡನ್ನೂ ಕೂಡಿಸಿದರೆ ಮೊದಲ ಸಾಲನ್ನೇ ನೂರು ಸಲ ಹೊಡೆದು ಹಾಕುವುದಾಗುತ್ತದೆ. ಮೊಸರಿಗೆ ಹೆಪ್ಪು ಉಳಿಸಿಕೊಳ್ಳುತ್ತೀರಲ್ಲ, ಹಾಗೆಯೇ ಏಳುವ ಮುಂಚೆ ಮುಂದಿನ ಸಾಲಿನ ಮೊದಲ ಎರಡು ಮೂರು ಪದ ಬರೆದಿಡಿ. ಮರುದಿನ ಕೂತ ಕೂಡಲೇ ಕೈ ಓಡುತ್ತದೆ.

ಅಡುಗೆಮನೆಯ ಗೋಡೆಗೆ ಒಂದು ಸಣ್ಣ ವಹಿ, ದಾರ ಕಟ್ಟಿದ ಪೆನ್ಸಿಲ್ ತೂಗುಹಾಕಿ. ಪೆನ್ನು ಬೇಡ, ಒದ್ದೆ ಕೈ ತಾಗಿದರೆ ಮಸಿ ಕದಡುತ್ತದೆ. ಅಲ್ಲಿ ಪೂರಾ ವಾಕ್ಯ ಬರೆಯಲು ಹೋಗಬೇಡಿ, ಒಗ್ಗರಣೆ ಸೀದೀತು. ಒಂದು ಪದ, ಯಾರೋ ಆಡಿದ ಒಂದು ಮಾತು ಸಾಕು. ಅದನ್ನು ಅಂದೇ ರಾತ್ರಿ ದೊಡ್ಡ ವಹಿಗೆ ಇಳಿಸಿ. ಮೂರು ದಿನ ಬಿಟ್ಟರೆ ಯಾಕೆ ಬರೆದಿಟ್ಟೆವೆಂಬುದೇ ನೆನಪಿರುವುದಿಲ್ಲ.

ನಳ ಬರುವ ದಿನ ಬರೆಯಲು ಕೂಡಲೇಬೇಡಿ. ಕಿವಿ ನೀರಿನ ಸಪ್ಪಳದ ಕಡೆಗಿದ್ದರೆ ಮನಸ್ಸು ಕೂಡುವುದಿಲ್ಲ, ಅತ್ತ ಕೊಡವೂ ತುಂಬಿ ಚೆಲ್ಲುತ್ತದೆ. ಆ ದಿನ ಹಳೆಯದನ್ನು ಚಂದವಾಗಿ ನಕಲು ಮಾಡಿದರೆ ಆಯಿತು, ನಡುವೆ ಎದ್ದರೂ ನಷ್ಟವಿಲ್ಲ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನದ ಬರವಣಿಗೆಯ ಆಸೆ ಬಿಡಿ. ಫ್ಯಾನು ನಿಂತರೆ ಬೆವರಿಗೆ ಕಾಗದ ಅಂಟುತ್ತದೆ. ಆ ಹೊತ್ತು ಓದಿಗಿರಲಿ.

ಪಂಚಮಿಯ ಮುಂಚಿನ ವಾರವೂ ಹಾಗೆಯೇ. ಎಳ್ಳು, ಶೇಂಗಾ, ಬೇಸನ್ ಉಂಡಿ ಕಟ್ಟುವ ದಿನಗಳಲ್ಲಿ ಹೊಸ ಕಥೆಗೆ ಕೈ ಹಾಕಿದರೆ ಅರ್ಧಕ್ಕೆ ನಿಂತು ಬೇಸರವಾಗುತ್ತದೆ. ದೀಪಾವಳಿ ವಿಶೇಷಾಂಕಕ್ಕೆ ಕಳಿಸುವ ಮನಸ್ಸಿದ್ದರೆ ಕಾರಹುಣ್ಣಿಮೆಯ ಹೊತ್ತಿಗೆ ಮೊದಲ ಕರಡು ಮುಗಿದಿರಬೇಕು. ಶ್ರಾವಣದಲ್ಲಿ ತಿದ್ದುವುದಷ್ಟೇ ಉಳಿಯಲಿ. ಟೈಪ್ ಮಾಡಿಸುವಾಗ ಯೂನಿಕೋಡ್ ಅಕ್ಷರದಲ್ಲೇ ಮಾಡಿಸಿ. ಹಳೆಯ ನುಡಿ ಫಾಂಟಿನಲ್ಲಿ ಕಳಿಸಿದರೆ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರವೆಲ್ಲ ಕಲಸಿಹೋಗುತ್ತವೆ. ಕಳಿಸಿದ್ದರ ಒಂದು ಪ್ರತಿ ನಿಮ್ಮ ಟ್ರಂಕಿನಲ್ಲಿರಲಿ, ನಡುವೆ ನಾಲ್ಕು ಬೇವಿನ ಎಲೆ ಇಟ್ಟು.