ತರ್ಝೋಕ್‌ನಲ್ಲಿ ಎರಡು ರಾತ್ರಿ: ರಷ್ಯಾದ ಸಣ್ಣ ಊರಿಗೆ ಹೋಗಿಬರುವ ಬಗೆ

ತರ್ಝೋಕ್‌ಗೆ ಬೆಳಿಗ್ಗೆ ಹೋಗಿ ಸಂಜೆಗೆ ಮಾಸ್ಕೋ ಸೇರುವ ಲೆಕ್ಕ ಹಾಕಬೇಡಿ. ಹೋಗಿಬರುವುದರಲ್ಲೇ ಹಗಲೆಲ್ಲ ಕಳೆದು, ಊರಿಗೆ ಉಳಿಯುವುದು ನಾಲ್ಕೈದು ಗಂಟೆ ಮಾತ್ರ. ಪ್ರವಾಸಿಗಳ ಬಸ್ಸುಗಳು ಬಂದು ನಿಲ್ಲುವುದೂ ಅದೇ ಹೊತ್ತಿಗೆ. ತ್ವೆರ್ತ್ಸಾ ನದಿಯ ದಂಡೆಯಲ್ಲಿ ಜನ ನಾಯಿ ಹಿಡಿದು ಅಡ್ಡಾಡುವ, ಮಠದ ಗೋಪುರಗಳ ನೆರಳು ನೀರಿಗೆ ಬೀಳುವ ಹೊತ್ತು ಸಂಜೆಯದು, ಅದು ಸಿಗುವುದು ಅಲ್ಲೇ ತಂಗಿದವರಿಗೆ. ಎರಡು ರಾತ್ರಿ ಇಟ್ಟುಕೊಳ್ಳಿ, ಮಂಗಳವಾರದಿಂದ ಶುಕ್ರವಾರದೊಳಗೆ ತಲುಪುವಂತೆ ನೋಡಿಕೊಳ್ಳಿ. ರಷ್ಯಾದ ಮ್ಯೂಸಿಯಮ್‌ಗಳಿಗೆ ಹೆಚ್ಚಾಗಿ ಸೋಮವಾರ ರಜೆ, ಕೆಲವಕ್ಕೆ ಮಂಗಳವಾರ. ಅದಲ್ಲದೆ ತಿಂಗಳಿಗೊಮ್ಮೆ 'ಸನಿತಾರ್ನಿ ದೆನ್', ಅಂದರೆ ತೊಳೆದು ಬಳಿಯುವ ದಿನ, ಅಂತ ಇನ್ನೊಂದು ರಜೆ ಇರುತ್ತದೆ. ಇದು ಮ್ಯಾಪಿನಲ್ಲಿ ಕಾಣುವುದಿಲ್ಲ, ಹೋಟೆಲಿನವರಿಂದ ಹಿಂದಿನ ದಿನವೇ ಫೋನ್ ಮಾಡಿಸಿ ಕೇಳಬೇಕು.

ಸಣ್ಣ ಊರುಗಳು ಬೇಕಾದಷ್ಟಿರುವಾಗ ತರ್ಝೋಕ್ ಏಕೆ? ಹೆಸರಿನ ಅರ್ಥವೇ ಪುಟ್ಟ ಸಂತೆ. ಬರಹದ ದಾಖಲೆಯಲ್ಲಿ ಇದರ ಹೆಸರು ಬರುವುದು 1139ರಲ್ಲಿ, ಮಾಸ್ಕೋದ ಹೆಸರು ಬರುವುದು 1147ರಲ್ಲಿ. ಪೀಟರ್ಸ್‌ಬರ್ಗ್‌ನಿಂದ ಮಾಸ್ಕೋಗೆ ಹೋಗುವ ಗಾಡಿಗಳೆಲ್ಲ ಇಲ್ಲಿ ಕುದುರೆ ಬದಲಿಸುತ್ತಿದ್ದವು, ಹಾಗಾಗಿ ವ್ಯಾಪಾರಿಗಳ ಕೈಯಲ್ಲಿ ದುಡ್ಡಿತ್ತು, ಕಲ್ಲು ಇಟ್ಟಿಗೆಯ ಮನೆಗಳೂ ಚರ್ಚುಗಳೂ ಎದ್ದವು. 1851ರಲ್ಲಿ ಆ ಎರಡು ನಗರಗಳ ನಡುವೆ ರೈಲು ಶುರುವಾದಾಗ ಹಳಿ ಈ ಊರನ್ನು ಪಕ್ಕಕ್ಕೆ ಬಿಟ್ಟು ಹೋಯಿತು, ವ್ಯಾಪಾರ ಇಳಿಯಿತು. ದೊಡ್ಡ ಕಾರ್ಖಾನೆಗಳ ಒತ್ತಡ ಬೀಳದ ಕಾರಣ ಹಳೆಯ ಬೀದಿಗಳು ಬಹುಪಾಲು ಹಾಗೇ ಉಳಿದಿವೆ. ಇವತ್ತಿಗೂ ರೈಲು ಬರುವುದು ಲಿಖೊಸ್ಲಾವ್ಲ್ ಎಂಬ ಊರಿನ ಕಡೆಯಿಂದ ಕವಲೊಡೆದ ಹಳಿಯ ಮೇಲೆ, ಬಸ್ಸು ಬರುವುದು ಹಳೆಯ ಹೆದ್ದಾರಿಯಲ್ಲಿ.

ಹೊರಡುವ ಮುಂಚಿನ ಕೆಲಸಗಳು. ಭಾರತದ ಪಾಸ್‌ಪೋರ್ಟಿಗೆ 2023ರ ಆಗಸ್ಟಿನಿಂದ ಇ-ವೀಸಾ ಸಿಗುತ್ತದೆ. 2025ರ ಆಗಸ್ಟ್ ನಂತರ ಕೊಟ್ಟ ಇ-ವೀಸಾಗೆ 120 ದಿನದ ಮಾನ್ಯತೆ, ಅದರೊಳಗೆ 30 ದಿನ ಇರಬಹುದು. ದಿನ ಅಂದರೆ 24 ಗಂಟೆಯಲ್ಲ, ಕ್ಯಾಲೆಂಡರ್ ದಿನ. ರಾತ್ರಿ 11ಕ್ಕೆ ಇಳಿದರೂ ಆ ದಿನ ಮುಗಿದಂತೆಯೇ ಲೆಕ್ಕ. ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಂಡವರು, ಮನೆತನದ ಹೆಸರಿನ ಕಾಲಂ ಖಾಲಿ ಇರುವವರು ಎಡವುವುದು ಇಲ್ಲೇ. ಆರೋಗ್ಯ ವಿಮೆಯ ಕಾಗದ, ವೀಸಾದ ಪ್ರಿಂಟ್ ಎರಡೂ ಕೈಯಲ್ಲಿರಲಿ. ವಿಮಾನ ನಿಲ್ದಾಣದಲ್ಲಿ ಕೊಡುವ 'ಮಿಗ್ರತ್ಸಿಯೊನ್ನಯ ಕಾರ್ತಾ' ಎಂಬ ಚೀಟಿಯನ್ನು ಪಾಸ್‌ಪೋರ್ಟಿನೊಳಗೆ ಇಟ್ಟವರು ದೇಶ ಬಿಡುವವರೆಗೂ ತೆಗೆಯಬಾರದು.

ಹಣದ ವಿಷಯದಲ್ಲಿ ಒಂದೇ ನಿಯಮ: ಪೂರ್ತಿ ನಗದು. 2022ರ ಮಾರ್ಚಿನಿಂದ ರಷ್ಯಾದ ಹೊರಗೆ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಬ್ಯಾಂಕ್ ಕಾರ್ಡುಗಳು ಅಲ್ಲಿ ಕೆಲಸ ಮಾಡುವುದಿಲ್ಲ, ಎಟಿಎಮ್ಮಿನಲ್ಲೂ ಇಲ್ಲ. ಡಾಲರ್ ಅಥವಾ ಯೂರೋ ಒಯ್ಯಿರಿ. ನೋಟು ಗರಿಗರಿಯಾಗಿರಬೇಕು, ಬ್ಯಾಂಕಿನ ಮುದ್ರೆ, ಪೆನ್ನಿನ ಗುರುತು, ಹರಿದ ಅಂಚು ಇದ್ದರೆ ಕೌಂಟರಿನಲ್ಲಿ ವಾಪಸ್ ತಳ್ಳುತ್ತಾರೆ ಇಲ್ಲವೇ ಹೆಚ್ಚಿನ ಕಮಿಷನ್ ಕೇಳುತ್ತಾರೆ. ರೂಬಲ್ ಮಾಡಿಸುವ ಕೆಲಸ ಮಾಸ್ಕೋದಲ್ಲೇ ಮುಗಿಯಲಿ, ಸಣ್ಣ ಊರಿನ ಶಾಖೆಯನ್ನು ನಂಬಿ ಹೋಗಬೇಡಿ. ನಾನು ಮೂರು ದಿನದ ಖರ್ಚು ಕೂಡಿಸಿ ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳುತ್ತೇನೆ, ಅದರಲ್ಲಿ ಒಂದು ಪಾಲು 100 ಮತ್ತು 500ರ ನೋಟುಗಳೇ ಆಗಿರುತ್ತವೆ. ಬಸ್ ಡ್ರೈವರ್, ಮ್ಯೂಸಿಯಮ್ಮಿನ ಟಿಕೆಟ್ ಕೊಡುವ ಅಜ್ಜಿ, ಸಂತೆಯಲ್ಲಿ ಉಪ್ಪಿನಕಾಯಿ ಸೌತೆ ಮಾರುವವರು, ಇವರ್ಯಾರ ಹತ್ತಿರವೂ 5000ದ ನೋಟಿಗೆ ಚಿಲ್ಲರೆ ಇರುವುದಿಲ್ಲ.

ಫೋನ್ ಎರಡನೆಯ ಗಂಟು. 2025ರಿಂದ ವಿದೇಶಿಯರಿಗೆ ಹೊಸ ಸಿಮ್ ಕೊಡಲು ಬಯೋಮೆಟ್ರಿಕ್ ನೋಂದಣಿ ಬೇಕು, ಮೂರು ದಿನದ ಪ್ರವಾಸಿಗೆ ಅದು ಆಗಿಬರುವ ಕೆಲಸವಲ್ಲ. ಹೊರಗಿನ ಸಿಮ್ ಹಾಕಿಕೊಂಡು ಹೋದರೂ ಮೊದಲ 24 ಗಂಟೆ ಡೇಟಾ, ಎಸ್ಸೆಮ್ಮೆಸ್ ನಿಲ್ಲಿಸುವ ಕ್ರಮ ಅದೇ ವರ್ಷದ ಅಕ್ಟೋಬರಿನಲ್ಲಿ ಬಂತು. ಡ್ರೋನ್ ಭಯವಿದ್ದ ದಿನ ಇಡೀ ಪ್ರದೇಶದ ಮೊಬೈಲ್ ಇಂಟರ್ನೆಟ್ ಆಫ್ ಮಾಡುವುದೂ ಉಂಟು. ಆದ್ದರಿಂದ ಮನೆಯಲ್ಲಿರುವಾಗಲೇ ತರ್ಝೋಕ್ ಇರುವ ತ್ವೆರ್ ಪ್ರಾಂತ್ಯದ ಆಫ್‌ಲೈನ್ ಮ್ಯಾಪ್, ಅನುವಾದ ಆ್ಯಪಿನ ರಷ್ಯನ್ ಭಾಷೆಯ ಕಡತ ಇಳಿಸಿಕೊಳ್ಳಿ. ಹೋಟೆಲಿನ ವಿಳಾಸವನ್ನು ರಷ್ಯನ್ ಲಿಪಿಯಲ್ಲಿ ಕಾಗದದ ಮೇಲೆ ಬರೆದು ಜೇಬಿನಲ್ಲಿಡಿ. ಟ್ಯಾಕ್ಸಿಯವನಿಗೆ ಆ ಕಾಗದ ತೋರಿಸಿದರೆ ಸಾಕು.

ಕೋಣೆ ಗೊತ್ತುಮಾಡುವಾಗ ಬೆಲೆಗಿಂತ ಮೊದಲು ಮೂರು ಪ್ರಶ್ನೆ ಕೇಳಬೇಕು. ವಿದೇಶಿಯರನ್ನು ಇಟ್ಟುಕೊಳ್ಳುತ್ತೀರಾ? 'ರೆಗಿಸ್ತ್ರಾತ್ಸಿಯಾ' ಮಾಡಿಕೊಡುತ್ತೀರಾ? ಬಾಯ್ಲರ್ ಇದೆಯಾ? ರಷ್ಯಾದಲ್ಲಿ 7 ಕೆಲಸದ ದಿನಕ್ಕಿಂತ ಹೆಚ್ಚು ಇರುವ ವಿದೇಶಿಯರ ವಾಸದ ವಿಳಾಸ ವಲಸೆ ಇಲಾಖೆಗೆ ಹೋಗಬೇಕು, ಅದನ್ನು ಕಳಿಸಬೇಕಾದವರು ಮನೆ ಕೊಟ್ಟವರು. ಹೋಟೆಲಾದರೆ ದಿನ ಎಷ್ಟೇ ಇದ್ದರೂ ತಾವೇ ಕಳಿಸಿ ಚೀಟಿ ಕೊಡುತ್ತಾರೆ. ಅಗ್ಗದ ಬಾಡಿಗೆ ಫ್ಲ್ಯಾಟಿನ ಮಾಲೀಕರು ಬೇಡ ಬಿಡಿ ಅನ್ನುತ್ತಾರೆ, ಉಳಿದ ಸಾವಿರ ರೂಬಲ್ ಆಮೇಲೆ ತಲೆನೋವಾಗುತ್ತದೆ. ಬಾಯ್ಲರ್ ಪ್ರಶ್ನೆಗೆ ಬೇರೆಯೇ ಕಾರಣ. ಊರಿನ ಬಿಸಿನೀರು ಒಂದೇ ದೊಡ್ಡ ಬಾಯ್ಲರ್ ಮನೆಯಿಂದ ಕೊಳವೆಗಳಲ್ಲಿ ಬರುತ್ತದೆ, ಬೇಸಿಗೆಯಲ್ಲಿ ಆ ಕೊಳವೆ ಪರೀಕ್ಷೆ ಮಾಡಲು 14 ದಿನದವರೆಗೆ ಬಿಸಿನೀರು ನಿಲ್ಲಿಸುತ್ತಾರೆ. ಕೋಣೆಯಲ್ಲಿ ಸ್ವಂತ ಬಾಯ್ಲರ್ ಇಲ್ಲದಿದ್ದರೆ ಜೂನ್-ಜುಲೈನಲ್ಲೂ ತಣ್ಣೀರ ಸ್ನಾನ. ಮನೆ ಬೆಚ್ಚಗಿಡುವ ವ್ಯವಸ್ಥೆಯೂ ಊರಿಗೆಲ್ಲ ಒಟ್ಟಾಗಿ ಶುರುವಾಗುತ್ತದೆ, ಸತತ ಐದು ದಿನ ಸರಾಸರಿ ಉಷ್ಣತೆ 8 ಡಿಗ್ರಿಗಿಂತ ಕೆಳಗಿಳಿದ ಮೇಲೆ. ಹಾಗಾಗಿ ಸೆಪ್ಟೆಂಬರ್ ಕೊನೆಯಲ್ಲಿ ಕೋಣೆಯೊಳಗಿನ ಚಳಿ ನವೆಂಬರಿನದಕ್ಕಿಂತ ಕೆಟ್ಟದ್ದು. ಒಂದು ಉಣ್ಣೆಯ ಬನಿಯನ್ ಬ್ಯಾಗಿನಲ್ಲಿರಲಿ.

ಇನ್ನು ಅಕ್ಷರ. ಸಣ್ಣ ಊರಿನ ಬೋರ್ಡುಗಳಲ್ಲಿ ಇಂಗ್ಲಿಷ್ ಇರುವುದಿಲ್ಲ, ಆದರೆ ರಷ್ಯನ್ ಅಕ್ಷರ ಕಲಿಯಲು ಎರಡು ಸಂಜೆ ಸಾಕು. ಮೋಸ ಮಾಡುವ ಆರನ್ನು ಮೊದಲು ಬಾಯಿಪಾಠ ಮಾಡಿ: ಇಂಗ್ಲಿಷಿನ ಪಿ ತರಹದ್ದು 'ರ', ಎಚ್ ತರಹದ್ದು 'ನ', ಸಿ ತರಹದ್ದು 'ಸ', ಬಿ ತರಹದ್ದು 'ವ', ಎಕ್ಸ್ ತರಹದ್ದು 'ಖ', ವೈ ತರಹದ್ದು 'ಉ'. ಕೆ, ಎ, ಸಿ, ಸಿ, ಎ ಅಂತ ಬರೆದಿದ್ದರೆ ಅದು 'ಕಾಸ್ಸಾ', ಟಿಕೆಟ್ ಕಿಂಡಿ. ಬಸ್ಸಿನ ಗಾಜಿನ ಮೇಲೆ ತರ್ಝೋಕ್ ಹೀಗೆ ಕಾಣುತ್ತದೆ: ಟಿ, ಒ, ಪಿ, ಆಮೇಲೆ ಆರು ಕಾಲು ಚಾಚಿದ ಜೇಡದಂಥ ಅಕ್ಷರ, ಮತ್ತೆ ಒ, ಕೆ. ಆ ಜೇಡದಕ್ಷರ 'ಝ'. ಶೌಚಾಲಯದ ಬಾಗಿಲ ಮೇಲೆ ಅದೊಂದೇ ಇದ್ದರೆ ಹೆಂಗಸರದು, ಎಮ್ ಇದ್ದರೆ ಗಂಡಸರದು.

ದಾರಿ ಹೀಗೆ. ಮಾಸ್ಕೋದ ಲೆನಿನ್‌ಗ್ರಾದ್‌ಸ್ಕಿ ನಿಲ್ದಾಣದಿಂದ 'ಲಾಸ್ತೊಚ್ಕಾ' ಎಂಬ ವೇಗದ ವಿದ್ಯುತ್ ರೈಲಿನಲ್ಲಿ ತ್ವೆರ್‌ಗೆ ಎರಡು ಗಂಟೆಯೊಳಗೆ ತಲುಪಬಹುದು. ಟಿಕೆಟ್‌ಗೆ ಕಿಂಡಿಯಲ್ಲಿ ನಗದು ಕೊಟ್ಟು, ಪಾಸ್‌ಪೋರ್ಟ್ ತೋರಿಸಿ. ತ್ವೆರ್‌ನಲ್ಲಿ ಬಸ್ ನಿಲ್ದಾಣ ರೈಲು ನಿಲ್ದಾಣದ ಹತ್ತಿರವೇ ಇದೆ, ಅಲ್ಲಿಂದ ತರ್ಝೋಕ್ 60 ಕಿಲೋಮೀಟರ್, ಬಸ್ಸಿಗೆ ಗಂಟೆಗಿಂತ ಸ್ವಲ್ಪ ಹೆಚ್ಚು. ಇಳಿದ ಕೂಡಲೇ ವಾಪಸ್ ಬಸ್ಸುಗಳ ವೇಳಾಪಟ್ಟಿಯ ಫೋಟೋ ತೆಗೆದುಕೊಳ್ಳಿ, ಸಂಜೆಯ ಕೊನೆಯ ಬಸ್ಸು ನಾವಂದುಕೊಂಡದ್ದಕ್ಕಿಂತ ಬೇಗ ಹೊರಡುತ್ತದೆ.

ತ್ವೆರ್‌ನಲ್ಲಿ ಮೂರು ಗಂಟೆ ಬಿಡುವು ಮಾಡಿಕೊಂಡು ವೋಲ್ಗಾ ದಂಡೆಗೆ ಹೋಗಿಬನ್ನಿ, ಕನ್ನಡಿಗರಿಗಂತೂ ಅದು ಬಿಡುವಂಥದ್ದಲ್ಲ. 15ನೇ ಶತಮಾನದಲ್ಲಿ ಈ ಊರಿನಿಂದ ಹೊರಟ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಮೂರು ಕಡಲು ದಾಟಿ ಬಹಮನಿಗಳ ಬೀದರ್ ತಲುಪಿದ, ಜತೆಗೆ ತಂದಿದ್ದ ಕುದುರೆಯನ್ನು ಅಲ್ಲೇ ಮಾರಿದ, ಸುಲ್ತಾನನ ಮೆರವಣಿಗೆಯನ್ನೂ ಆನೆಗಳನ್ನೂ ಕಂಡು ಬರೆದಿಟ್ಟ. ವಾಪಸ್ ಬರುವಾಗ ಊರು ಮುಟ್ಟದೆ ದಾರಿಯಲ್ಲೇ ತೀರಿಕೊಂಡ. 1955ರಲ್ಲಿ ನಿಲ್ಲಿಸಿದ ಅವನ ವಿಗ್ರಹ ನದಿಯ ಪಕ್ಕದಲ್ಲಿದೆ, ಕೆಳಗೆ ದೋಣಿಯ ಮೂತಿ. ಬೀದರ್ ಕೋಟೆ ನೋಡಿದವರು ಅದರ ಮುಂದೆ ಐದು ನಿಮಿಷ ನಿಲ್ಲದೆ ಬರಲಾರರು.

ತರ್ಝೋಕ್‌ನಲ್ಲಿ ಮೊದಲ ದಿನ ನಡೆಯುವುದಕ್ಕೆ. ಬೊರಿಸೊಗ್ಲೆಬ್‌ಸ್ಕಿ ಮಠದಿಂದ ಶುರುಮಾಡಿ. ಸಂಪ್ರದಾಯದ ಪ್ರಕಾರ ಅದರ ಸ್ಥಾಪನೆ 1038ರದು, ಈಗಿನ ದೊಡ್ಡ ಚರ್ಚು ನಿಕೊಲಾಯ್ ಲ್ವೋವ್ ಎಂಬ ವಾಸ್ತುಶಿಲ್ಪಿಯ ಕೆಲಸ, 1785ರಿಂದ 1796ರವರೆಗೆ ಕಟ್ಟಿದ್ದು. ಲ್ವೋವ್ ಇದೇ ಸೀಮೆಯವನು. ಒಳಗೆ ಹೋಗುವಾಗ ಗಂಡಸರು ಟೋಪಿ ತೆಗೆಯಬೇಕು, ಹೆಂಗಸರು ತಲೆಗೆ ಬಟ್ಟೆ ಹೊದೆಯಬೇಕು, ಪೂಜೆ ನಡೆಯುತ್ತಿದ್ದರೆ ಫೋಟೋ ಬೇಡ. ಮಠ ಚೆನ್ನಾಗಿ ಕಾಣುವುದು ಒಳಗಿನಿಂದಲ್ಲ, ನದಿಯ ಆಚೆ ದಂಡೆಯಿಂದ. ಆಮೇಲೆ 17ನೇ ಶತಮಾನದ್ದೆನ್ನುವ ಮರದ ವೊಜ್‌ನೆಸೆನ್ಯೆ ಚರ್ಚನ್ನು ಹುಡುಕಿಕೊಂಡು ಹೋಗಿ. ಚೌಕದ ಮೇಲೆ ಎಂಟು ಮೂಲೆಯ ಅಂಕಣ, ಅದರ ಮೇಲೆ ಇನ್ನೂ ಸಣ್ಣದು, ಹೀಗೆ ಕಿರಿದಾಗುತ್ತಾ ಏರುತ್ತದೆ. ಬಾಗಿಲು ಮುಚ್ಚಿದ್ದರೂ ಹೊರಗಿನ ದಿಮ್ಮಿಗಳ ಮೂಲೆಗಟ್ಟನ್ನು ನೋಡುವುದೇ ಸಾಕಷ್ಟು.

ಈ ಊರಿನ ಹೆಸರು ರಷ್ಯಾದಲ್ಲೆಲ್ಲ ತಿಳಿದಿರುವುದು ಚಿನ್ನದ ದಾರದ ಕಸೂತಿಯಿಂದ. ಅದನ್ನು ಹೊಲಿಯುವ ಕಾರ್ಖಾನೆಗೇ ಸೇರಿದ ಮ್ಯೂಸಿಯಮ್ ಇದೆ. ನಮ್ಮ ರೇಷ್ಮೆ ಸೀರೆಯ ಜರಿ ನೇಯ್ಗೆಯಲ್ಲೇ ಸೇರಿಹೋಗಿರುತ್ತದೆ, ಇಲ್ಲಿ ಲೋಹದ ದಾರ ಬಟ್ಟೆಯನ್ನು ತೂರುವುದೇ ಇಲ್ಲ. ವೆಲ್ವೆಟ್ ಅಥವಾ ಚರ್ಮದ ಮೇಲೆ ದಾರವನ್ನು ಸಾಲಾಗಿ ಮಲಗಿಸಿ, ಕೂದಲೆಳೆಯ ರೇಷ್ಮೆಯಿಂದ ಅಡ್ಡಡ್ಡ ಪುಟ್ಟ ಹೊಲಿಗೆ ಹಾಕಿ ಕಟ್ಟುತ್ತಾರೆ. ಆ ಅಡ್ಡ ಹೊಲಿಗೆಗಳನ್ನು ಎಣಿಕೆಯ ಮೇಲೆ ಜರುಗಿಸಿದಾಗ ಚಿನ್ನದ ಮೈಮೇಲೆ ಚೌಕಳಿ, ಅಲೆ, ಮೀನಿನ ಮುಳ್ಳಿನ ನಮೂನೆ ಮೂಡುತ್ತದೆ. ಉಬ್ಬು ಬೇಕಾದ ಕಡೆ ಅಡಿಯಲ್ಲಿ ರಟ್ಟಿನ ತುಂಡು ಅಥವಾ ಹತ್ತಿಯ ದಾರ ಇಡುತ್ತಾರೆ. ಕೊಳ್ಳುವಾಗ ವಸ್ತುವನ್ನು ಬೆಳಕಿಗೆ ಓರೆಯಾಗಿ ಹಿಡಿದು ಈ ಅಡ್ಡ ಹೊಲಿಗೆ ಹುಡುಕಿ. ಕೈಕೆಲಸವೋ ಯಂತ್ರದ್ದೋ ಅಂತ ಬಾಯಿಬಿಟ್ಟು ಕೇಳಿ: 'ರುಚ್ನಾಯ ರಬೋತಾ?' ಎರಡೂ ಮಾರಾಟಕ್ಕಿರುತ್ತವೆ, ಬೆಲೆಯಲ್ಲಿ ಅಜಗಜಾಂತರ. ಒಯ್ಯುವಾಗ ಮಡಚಬೇಡಿ, ಮಡಿಕೆ ಬಿದ್ದ ಲೋಹದ ದಾರ ಮತ್ತೆ ನೆಟ್ಟಗಾಗುವುದಿಲ್ಲ.

ಮ್ಯೂಸಿಯಮ್ ಬಾಗಿಲಲ್ಲೇ ಕೋಟು 'ಗರ್ದೆರೋಬ್'ಗೆ ಕೊಟ್ಟು ನಂಬರ್ ಬಿಲ್ಲೆ ತೆಗೆದುಕೊಳ್ಳಬೇಕು, ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಬೇಕು. ಟಿಕೆಟ್ ಕಿಂಡಿ ಮ್ಯೂಸಿಯಮ್ಮಿಗಿಂತ ಅರ್ಧ ಇಲ್ಲವೇ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ಅಪರಿಚಿತ ಹಿರಿಯರ ಹತ್ತಿರ 'ವ್ಯಿ' ಬಳಸಿ, ಅದು ನಮ್ಮ 'ನೀವು'. 'ತ್ಯಿ' ಅಂದರೆ 'ನೀನು', ಅದು ಮನೆಯವರಿಗೆ, ಗೆಳೆಯರಿಗೆ. ಒಳಗೆ ಕಾಲಿಟ್ಟ ಕೂಡಲೇ 'ಜ್ದ್ರಾಸ್ತ್‌ವುಯ್ತೆ' ಅಂತ ನಮಸ್ಕಾರ ಹೇಳಿದರೆ ಬಿಗಿದ ಮುಖ ಸಡಿಲವಾಗುತ್ತದೆ.

ಊಟಕ್ಕೆ 'ಸ್ತಲೋವಯ' ಹುಡುಕಿ. ತಟ್ಟೆ ಹಿಡಿದು ಸಾಲಿನಲ್ಲಿ ಸಾಗುವ ಕ್ಯಾಂಟೀನ್ ಅದು, ಕಂಡದ್ದನ್ನು ಬೆರಳು ತೋರಿಸಿ ಹಾಕಿಸಿಕೊಳ್ಳಬಹುದು, ಭಾಷೆ ಬೇಕಿಲ್ಲ. ಸಸ್ಯಾಹಾರಿಗಳಿಗೆ 'ಗ್ರೆಚ್ಕಾ' ಎಂಬ ಬೇಯಿಸಿದ ಕಾಳು, ಬೇಯಿಸಿದ ಆಲೂಗೆಡ್ಡೆ, ಕೋಸಿನ ಸಲಾಡ್, ಗಿಣ್ಣಿನಂಥ 'ತ್ವೋರಗ್', ಮಜ್ಜಿಗೆಯಂಥ 'ಕೆಫೀರ್' ಸಿಗುತ್ತವೆ. ಬೋರ್ಷ್ ಎಂಬ ಕೆಂಪು ಬೀಟ್‌ರೂಟ್ ಸಾರಿನಲ್ಲಿ ಮಾಂಸದ ತುಂಡು ಕಾಣದಿದ್ದರೂ ಅದನ್ನು ಕುದಿಸಿರುವುದು ಮೂಳೆಯ ರಸದಲ್ಲಿ. 'ಬೆಜ್ ಮ್ಯಾಸಾ' ಅಂದರೆ ಮಾಂಸವಿಲ್ಲದ್ದು, ಆದರೆ ಎಷ್ಟೋ ಜನ ಕೋಳಿಯನ್ನು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. 'ಪೋಸ್ತ್ನೊಯೆ' ಎಂದು ಕೇಳುವುದು ವಾಸಿ, ಅದು ಉಪವಾಸದ ಅಡುಗೆ, ಮಾಂಸ, ಹಾಲು, ಮೊಟ್ಟೆ ಮೂರೂ ಇರುವುದಿಲ್ಲ. ಆದರೂ ಮೀನು ಇದೆಯೇ ಅಂತ ಇನ್ನೊಮ್ಮೆ ಕೇಳಿ. ಮಾಂಸ ತಿನ್ನುವವರು ಇಲ್ಲಿನ ಪೊಝಾರ್‌ಸ್ಕಿ ಕಟ್ಲೆಟ್ ಬಿಡಬಾರದು. ಕವಿ ಪುಷ್ಕಿನ್ 1826ರಲ್ಲಿ ಗೆಳೆಯನಿಗೆ ಬರೆದ ಪದ್ಯದ ಕಾಗದದಲ್ಲೇ ಇದನ್ನು ಶಿಫಾರಸು ಮಾಡಿದ್ದಾನೆ. ಕೋಳಿಯ ಕೊಚ್ಚಿದ ಮಾಂಸಕ್ಕೆ ಬೆಣ್ಣೆ, ಹಾಲಲ್ಲಿ ನೆನೆಸಿದ ಬ್ರೆಡ್ಡು ಸೇರಿಸಿ, ಹೊರಗೆ ಬ್ರೆಡ್ಡಿನ ಪುಟ್ಟ ಚೌಕಗಳನ್ನು ಮೆತ್ತಿ ಕರಿಯುತ್ತಾರೆ. ಹೊದಿಕೆ ನುಣ್ಣನೆಯ ಪುಡಿಯಾಗಿದ್ದರೆ, ಕತ್ತರಿಸಿದಾಗ ರಸ ಹೊರಬರದಿದ್ದರೆ, ಅದು ಫ್ರಿಜ್ಜಿನಿಂದ ಬಂದದ್ದು.

ಎರಡನೆಯ ದಿನ ವಸಿಲ್ಯೋವೊ. ಕೆಲವೇ ಕಿಲೋಮೀಟರ್ ದೂರ, ಸುತ್ತಲಿನ ಹಳ್ಳಿಗಳಿಂದ ಬಿಚ್ಚಿ ತಂದು ನಿಲ್ಲಿಸಿದ ಮರದ ಮನೆ, ಚರ್ಚುಗಳ ಬಯಲು ಮ್ಯೂಸಿಯಮ್. ಅಲ್ಲೇ ಲ್ವೋವ್ ಕಟ್ಟಿಸಿದ ದೊಡ್ಡ ಗುಂಡುಕಲ್ಲುಗಳ ಕಮಾನು ಸೇತುವೆ ಇದೆ, ಜನ 'ದೆವ್ವದ ಸೇತುವೆ' ಅನ್ನುತ್ತಾರೆ. ಬಸ್ಸು ಕಡಿಮೆ, ಟ್ಯಾಕ್ಸಿಯಲ್ಲಿ ಹೋಗಿ, ವಾಪಸ್ ಬರುವ ಹೊತ್ತನ್ನೂ ಅದೇ ಚಾಲಕನಿಗೆ ಬೆರಳು ತೋರಿಸಿ ಗೊತ್ತುಮಾಡಿ. ಜೂನಿನಲ್ಲಿ ಸೊಳ್ಳೆಗೆ ಮುಲಾಮು, ಹುಲ್ಲಿನ ಉಣ್ಣಿಗೆ ಉದ್ದ ಪ್ಯಾಂಟು ಬೇಕೇ ಬೇಕು. ಏಪ್ರಿಲ್‌ನಲ್ಲಿ ಹಿಮ ಕರಗಿ ದಾರಿಯೆಲ್ಲ ಕೆಸರು, ಆಗ ಹೋಗದಿರುವುದೇ ಲೇಸು. ಚಳಿಗಾಲದ ಡಿಸೆಂಬರಿನಲ್ಲಿ ಹಗಲಿರುವುದೇ 7 ಗಂಟೆ ಕಾಲ. ಮಾರ್ಚಿನಲ್ಲಿ ಮಾಡಿನ ಅಂಚಿನಿಂದ ಮಂಜುಗಡ್ಡೆಯ ಕೋಲುಗಳು ಕಳಚಿ ಬೀಳುತ್ತವೆ, ಗೋಡೆ ಪಕ್ಕ ನಡೆಯಬೇಡಿ.

ಕ್ಯಾಮೆರಾ ವಿಷಯದಲ್ಲಿ ಇನ್ನೊಂದು. ತರ್ಝೋಕ್‌ನಲ್ಲಿ ಸೇನೆಯ ಹೆಲಿಕಾಪ್ಟರ್ ತರಬೇತಿ ಕೇಂದ್ರವಿದೆ. ತಲೆಯ ಮೇಲೆ ಹಾರುವ ಹೆಲಿಕಾಪ್ಟರ್, ಸೈನಿಕರು, ರೈಲು ಸೇತುವೆ, ಇಂಧನದ ಟ್ಯಾಂಕು, ಇವುಗಳ ಕಡೆ ಫೋನ್ ಎತ್ತಲೇಬೇಡಿ. ಪೊಲೀಸರು ಕೇಳಿದರೆ ಪಾಸ್‌ಪೋರ್ಟ್, ಮಿಗ್ರತ್ಸಿಯೊನ್ನಯ ಕಾರ್ತಾ, ಹೋಟೆಲಿನ ಚೀಟಿ ಮೂರನ್ನೂ ಒಟ್ಟಿಗೆ ಕೊಡಿ.

ವಾಪಸ್ ವಿಮಾನಕ್ಕೆ ತರ್ಝೋಕ್‌ನಿಂದ ಅದೇ ದಿನ ಹೊರಡಬಾರದು. ಮಾಸ್ಕೋದ ವಿಮಾನ ನಿಲ್ದಾಣಗಳನ್ನು ಇದ್ದಕ್ಕಿದ್ದಂತೆ ಕೆಲವು ಗಂಟೆ ಮುಚ್ಚುವುದು ಈಗ ಮಾಮೂಲು. ಕೊನೆಯ ರಾತ್ರಿ ಮಾಸ್ಕೋದಲ್ಲೇ ಮಲಗಿ, ಉಳಿದ ರೂಬಲ್‌ಗಳನ್ನು ಊರೊಳಗಿನ ಬ್ಯಾಂಕಿನಲ್ಲೇ ಬದಲಿಸಿಕೊಳ್ಳಿ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ದರ ಕೆಟ್ಟದ್ದು.